ವೀಣೆಯ ಮೆಟ್ಟು, ಗಿಟಾರಿನ ಮೇಳ

ಮೇಳಗಳನ್ನು ಎಣಿಸಿದವರು ವೀಣೆಯ ಮೆಟ್ಟುಗಳನ್ನು ನೋಡಿ ಎಣಿಸಿದರೋ, ಇಲ್ಲವೆ ಮನಸ್ಸಿನಲ್ಲಿ ಎಣಿಸಿಕೊಂಡ ಮೇಳಗಳಿಗೆ ತಕ್ಕಂತೆ ಮೆಟ್ಟುಗಳನ್ನು ನಿಲ್ಲಿಸಿದರೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಪಂಡಿತರ ಕಾಲಕ್ಷೇಪದಂತೆ ತೋರುವುದು ಸಹಜ. ಆದರೆ ಚೆನ್ನೈಯ ತ್ಯಾಗರಾಯ ನಗರದಂತಹ ಸ್ಥಳದಲ್ಲಿ ಈ ಪ್ರಶ್ನೆಗೆ ಇಂದಿಗೂ ಜೀವವಿದೆ. ೧೯೨೦ರ ದಶಕದಲ್ಲಿ ಮಾಂಬಳದ ಕಡೆಯ ದೊಡ್ಡ ಕೆರೆಯ ಅಂಗಳವನ್ನು ಬರಿದು ಮಾಡಿ ಕಟ್ಟಿದ ಈ ಬಡಾವಣೆ ಹೊತ್ತಿರುವುದು ಜಸ್ಟಿಸ್ ಪಕ್ಷದ ಮುಖಂಡ ಪಿ. ತ್ಯಾಗರಾಯ ಚೆಟ್ಟಿಯವರ ಹೆಸರನ್ನೇ ಹೊರತು ತಿರುವೈಯಾರಿನ ತ್ಯಾಗರಾಜರ ಹೆಸರನ್ನಲ್ಲ. ಆದರೂ ಪರಸ್ಥಳದಿಂದ ಬಂದವರು ಈ ತಪ್ಪನ್ನು ಮಾಡಿದರೆ ಅವರನ್ನು ಕ್ಷಮಿಸಬಹುದು. ನಟ, ಗಾಯಕ ಚಿತ್ತೂರು ನಾಗಯ್ಯನವರು ಕಟ್ಟಿದ ತ್ಯಾಗಬ್ರಹ್ಮ ಗಾನಸಭೆಯ ವಾಣಿ ಮಹಲು ಇಲ್ಲಿದೆ. ೧೯೫೩ರಲ್ಲಿ ಹುಟ್ಟಿದ ಕೃಷ್ಣ ಗಾನಸಭೆಯೂ ಇಲ್ಲಿದೆ. ಮಾರ್ಗಶಿರದ ಸಂಗೀತೋತ್ಸವದ ದಿನಗಳಲ್ಲಿ ಚೆನ್ನೈಯ ವೇದಿಕೆಗಳನ್ನು ವೀಣೆ, ಪಿಟೀಲುಗಳಂತೆಯೇ ಮ್ಯಾಂಡೊಲಿನ್, ಸ್ಯಾಕ್ಸೊಫೋನ್, ಗಿಟಾರುಗಳೂ ಏರಿ ಬಹಳ ಕಾಲವಾಯಿತು. ಅದೇ ನಗರದ ಮನೆಗಳಲ್ಲಿ ಅಮೆರಿಕದ ನೀಗ್ರೋ ಜನರಿಂದ ಬಂದ ಬ್ಲೂಸ್ ಎಂಬ ಗಾನಪದ್ಧತಿಯನ್ನು ವಿದ್ಯುತ್ ಗಿಟಾರಿನ ಮೇಲೆ ಕಲಿಯುವ ತರುಣರೂ ಇದ್ದಾರೆ. ಅವರ ಮುಂದೆ ಕೆಲವು ತಿಂಗಳ ಅಭ್ಯಾಸದ ಬಳಿಕ ಏಳು ಗ್ರೀಕ್ ಹೆಸರುಗಳು ಬಂದು ನಿಲ್ಲುತ್ತವೆ. ಇವನ್ನು ಪಾಶ್ಚಾತ್ಯರು 'ಮೋಡ್' ಎನ್ನುವರು. ನಮ್ಮವರು ಮೇಳವೆಂದು ತಿಳಿದರೆ ಬಹುಮಟ್ಟಿಗೆ ಸರಿಯೇ.

ಆ ಏಳರಲ್ಲಿ ಆರನ್ನು ಕರ್ಣಾಟಕ ಸಂಗೀತವನ್ನು ಬಲ್ಲ ಮನೆಯ ಮಕ್ಕಳು ಕೇಳಿದೊಡನೆ ಗುರುತಿಸಬಲ್ಲರು. ಅಯೋನಿಯನ್ ಎಂಬುದು ಧೀರಶಂಕರಾಭರಣ, ಡೋರಿಯನ್ ಖರಹರಪ್ರಿಯ, ಫ್ರಿಜಿಯನ್ ಹನುಮತೋಡಿ, ಲಿಡಿಯನ್ ಮೇಚಕಲ್ಯಾಣಿ, ಮಿಕ್ಸೊಲಿಡಿಯನ್ ಹರಿಕಾಂಭೋಜಿ, ಈಯೋಲಿಯನ್ ನಠಭೈರವಿ. ಏಳನೆಯದಾದ ಲೋಕ್ರಿಯನ್ನಿನಲ್ಲಿ ಶುದ್ಧ ಪಂಚಮವಿಲ್ಲದ ಕಾರಣ ಅದಕ್ಕೆ ಎಪ್ಪತ್ತೆರಡು ಮೇಳಗಳಲ್ಲಿ ಸ್ಥಾನವಿಲ್ಲ. ಬ್ಲೂಸ್ ಕಲಿಯುವವನು ಮೊದಲು ಹಿಡಿಯುವ ಐದು ಸ್ವರಗಳ ಶ್ರೇಣಿಯಾದರೋ ನಮ್ಮ ಶುದ್ಧಧನ್ಯಾಸಿಯ ಸ್ವರಗಳೇ: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಇಷ್ಟನ್ನು ಕಂಡ ಕೆಲವರು 'ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು' ಎಂದು ತೃಪ್ತಿಪಟ್ಟು ಕೈಕಟ್ಟಿ ಕುಳಿತುಬಿಡುವರು. ಆದರೆ ಸ್ವರಗಳು ಒಂದೇ ಆದಮಾತ್ರಕ್ಕೆ ಸಂಗೀತ ಒಂದಾಗುವುದಿಲ್ಲವೆಂಬುದನ್ನು ಹೇಳಿಕೊಡಲು ಶುದ್ಧಧನ್ಯಾಸಿಯ ಒಂದು ಕೃತಿಯನ್ನೂ ಬ್ಲೂಸಿನ ಒಂದು ಹಾಡನ್ನೂ ಒಂದರ ಹಿಂದೊಂದು ಕೇಳಿದರೆ ಸಾಕು. ಇಲ್ಲಿ ವಿಚಾರಿಸಬೇಕಾದುದು ಮೇಳವೆಂಬ ಲೆಕ್ಕ ಹುಟ್ಟಿದ್ದು ಹೇಗೆ, ಅದನ್ನು ಕಲಿತ ಕೈ ಅದನ್ನು ಮೀರಬೇಕಾಗಿ ಬಂದದ್ದು ಏಕೆ ಎಂಬುದನ್ನು.

ಭರತನ ಕಾಲದ ವೀಣೆಗೆ ಮೆಟ್ಟುಗಳಿರಲಿಲ್ಲ. ಅದು ಬಿಲ್ಲಿನಾಕಾರದ ವಾದ್ಯ. ಒಂದು ತಂತಿಗೆ ಒಂದೇ ಸ್ವರ. ತಂತಿಗಳನ್ನು ಒಂದು ಗ್ರಾಮಕ್ಕೆ ಶ್ರುತಿ ಮಾಡಿ, ಬೇರೆ ಬೇರೆ ತಂತಿಗಳಿಂದ ಆರಂಭಿಸಿದರೆ ಬೇರೆ ಬೇರೆ ಸ್ವರಕ್ರಮಗಳು ದೊರೆಯುವುವು. ಇದೇ ಮೂರ್ಛನೆ. ಯುರೋಪಿನ ಮೋಡುಗಳನ್ನು ಇಂದು ಕಲಿಸುವ ರೀತಿಯೂ ಇದೇ ಆಗಿದೆ: ಒಂದೇ ಶ್ರೇಣಿಯ ರಿಷಭದಿಂದ ಹೊರಟರೆ ಡೋರಿಯನ್, ಗಾಂಧಾರದಿಂದ ಹೊರಟರೆ ಫ್ರಿಜಿಯನ್. ಮುಂದೆ ಮೆಟ್ಟುಳ್ಳ ಕಿನ್ನರಿ ವೀಣೆಗಳು ಬಳಕೆಗೆ ಬಂದವು. ಎಡೆಬಿಡದೆ ಮೊಳಗುವ ಆಧಾರಷಡ್ಜವು ಗಾನಕ್ಕೆ ನೆಲೆಯಾಯಿತು. ಷಡ್ಜ ಅಲುಗದೆ ನಿಂತಮೇಲೆ ಆರಂಭದ ಸ್ವರವನ್ನು ಬದಲಿಸುವ ಮೂರ್ಛನೆಯ ಪದ್ಧತಿಗೆ ಅರ್ಥವೇ ಉಳಿಯಲಿಲ್ಲ. ಷಡ್ಜ ಒಂದೇ, ಬದಲಾಗಬೇಕಾದುದು ಉಳಿದ ಸ್ವರಗಳ ಸ್ಥಾನ. ಈ ಹೊಸ ಸ್ಥಿತಿಗೆ ತಕ್ಕ ಹೊಸ ಲೆಕ್ಕವೇ ಮೇಳ.

ಈ ಲೆಕ್ಕದ ಚರಿತ್ರೆಯಲ್ಲಿ ಕನ್ನಡ ನಾಡಿನ ಹೆಸರು ಮತ್ತೆ ಮತ್ತೆ ಬರುವುದು ಆಕಸ್ಮಿಕವಲ್ಲ. ವಿದ್ಯಾರಣ್ಯರದೆಂದು ಹೇಳುವ 'ಸಂಗೀತಸಾರ' ಇಂದು ದೊರೆಯದು. ಅದರಲ್ಲಿ ಹದಿನೈದು ಮೇಳಗಳೂ ಐವತ್ತು ರಾಗಗಳೂ ಹೇಳಲ್ಪಟ್ಟಿದ್ದವೆಂಬುದು ತಂಜಾವೂರಿನ 'ಸಂಗೀತಸುಧಾ'ದಿಂದ ಮಾತ್ರ ತಿಳಿದುಬರುತ್ತದೆ. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ೧೫೫೦ರಲ್ಲಿ ರಾಮಾಮಾತ್ಯನು 'ಸ್ವರಮೇಳಕಲಾನಿಧಿ'ಯನ್ನು ರಚಿಸಿ ಇಪ್ಪತ್ತು ಮೇಳಗಳನ್ನು ನಿರೂಪಿಸಿದನು. ಇದಕ್ಕೆ ಮೂರೇ ವರ್ಷ ಮೊದಲು, ೧೫೪೭ರಲ್ಲಿ, ಬಾಸೆಲ್ ನಗರದಲ್ಲಿ ಗ್ಲಾರಿಯಾನಸ್ ಎಂಬ ಸ್ವಿಸ್ ವಿದ್ವಾಂಸನು ಚರ್ಚಿನ ಹಳೆಯ ಎಂಟು ಮೋಡುಗಳನ್ನು ಹನ್ನೆರಡಕ್ಕೆ ಏರಿಸಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ್ದನು. ಒಬ್ಬರ ಸುಳಿವು ಇನ್ನೊಬ್ಬರಿಗೆ ಇದ್ದಿರಲಾರದು. ಕಾಲ ಒಂದೇ ಆಗಿರುವುದನ್ನು ಕಂಡು ಚಮತ್ಕಾರಪಡುವುದಕ್ಕಿಂತ ಇಬ್ಬರ ಭೇದವನ್ನು ಗಮನಿಸುವುದು ಲೇಸು. ಗ್ಲಾರಿಯಾನಸನು ಹಳೆಯ ಗೀತಗಳ ಸಮಾಪ್ತಿಸ್ವರವನ್ನೂ ವ್ಯಾಪ್ತಿಯನ್ನೂ ನೋಡಿ ವರ್ಗೀಕರಿಸಿದನು. ರಾಮಾಮಾತ್ಯನಾದರೋ ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದವನು. ಶುದ್ಧಮೇಳ ವೀಣೆಯ ಮೊದಲ ತಂತಿಯ ಕೆಳಗೆ ಆರು ಮೆಟ್ಟುಗಳನ್ನು ಯಾವ ಯಾವ ಸ್ವರಕ್ಕೆ ನಿಲ್ಲಿಸಬೇಕು, ಅದೇ ಮೆಟ್ಟು ಉಳಿದ ತಂತಿಗಳ ಮೇಲೆ ಯಾವ ಸ್ವರವನ್ನು ಕೊಡುವುದು ಎಂಬುದನ್ನು ಅವನು ಬಡಗಿಯ ಎಚ್ಚರಿಕೆಯಿಂದ ವಿವರಿಸುತ್ತಾನೆ.

ಅಲ್ಲಿಯೇ ಒಂದು ಮುಖ್ಯ ವಿಭಾಗ ಕಾಣಬರುತ್ತದೆ. ಏಕರಾಗಮೇಳ ವೀಣೆಯೆಂಬುದು ಒಂದು ಬಗೆ. ಅದರಲ್ಲಿ ನುಡಿಸಬೇಕಾದ ರಾಗಕ್ಕೆ ಬೇಕಾದ ಮೆಟ್ಟುಗಳಷ್ಟೇ ಇರುತ್ತವೆ. ರಾಗ ಬದಲಾದರೆ ಮೆಟ್ಟುಗಳನ್ನು ಸರಿಸಬೇಕು. ಸರ್ವರಾಗಮೇಳ ವೀಣೆಯೆಂಬುದು ಇನ್ನೊಂದು. ಅದರಲ್ಲಿ ಮೆಟ್ಟುಗಳನ್ನು ಒಮ್ಮೆ ನಿಲ್ಲಿಸಿದರೆ ಮುಗಿಯಿತು, ಎಲ್ಲ ರಾಗಗಳೂ ಅವುಗಳ ಮೇಲೆಯೇ ನಡೆಯಬೇಕು. ಎರಡನೆಯದು ಗೆದ್ದಿತು. ಗೆದ್ದ ದಿನವೇ ಸ್ಥಾಯಿಯೊಳಗಿನ ಸ್ವರಸ್ಥಾನಗಳು ಹನ್ನೆರಡೆಂದು ನಿಶ್ಚಿತವಾದವು. ಹನ್ನೆರಡೆಂದು ನಿಶ್ಚಿತವಾದ ಬಳಿಕ ಅವುಗಳಿಂದ ಎಷ್ಟು ಮೇಳಗಳಾಗಬಹುದೆಂದು ಗಣಿತ ಮಾಡುವುದು ಕೇವಲ ಕಾಲದ ಮಾತಾಯಿತು. ಯುರೋಪಿನ ಲ್ಯೂಟ್ ವಾದ್ಯಕ್ಕೂ ಇದೇ ಕಷ್ಟ ಬಂದಿತ್ತು. ಖಗೋಳಜ್ಞ ಗೆಲಿಲಿಯೋನ ತಂದೆ ವಿಂಚೆಂಝೊ ಗೆಲಿಲಿ ೧೫೮೧ರ ತನ್ನ ಗ್ರಂಥದಲ್ಲಿ ಲ್ಯೂಟಿನ ಮೆಟ್ಟುಗಳನ್ನು ಹದಿನೆಂಟಕ್ಕೆ ಹದಿನೇಳರ ಪ್ರಮಾಣದಲ್ಲಿ ನಿಲ್ಲಿಸುವ ಸೂತ್ರವನ್ನು ಕೊಟ್ಟನು. ಇಂದಿನ ಗಿಟಾರಿನ ಲೋಹದ ಮೆಟ್ಟುಗಳು ಆ ಸೂತ್ರದ ಸಮೀಪಬಂಧುಗಳು.

ಈ ವಿದ್ಯೆಯನ್ನು ಹೊರನಾಡಿಗೆ ಹೊತ್ತವರಲ್ಲಿ ಇಬ್ಬರು ಕನ್ನಡಿಗರನ್ನು ಇಲ್ಲಿ ನೆನೆಯಬೇಕು. ಶಿವಗಂಗೆಯ ಬಳಿಯ ಸಾತನೂರಿನ ಪುಂಡರೀಕವಿಠ್ಠಲನು ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಖಾನದೇಶದ ಫಾರೂಕಿ ಅರಸನ ಬಳಿ ಸೇರಿ 'ಸದ್ರಾಗಚಂದ್ರೋದಯ'ವನ್ನು ಬರೆದನು. ಆಮೇಲೆ ಕಛವಾಹ ರಾಜಪುತ್ರರ ಆಶ್ರಯಕ್ಕೆ ಹೋದನು. ದಕ್ಷಿಣದ ಮೇಳಕ್ರಮವನ್ನು ಉತ್ತರದ ರಾಗಗಳಿಗೆ ಹೊಂದಿಸಿ ನೋಡಿದವರಲ್ಲಿ ಅವನೇ ಅಗ್ರಗಣ್ಯ. ಮತ್ತೊಬ್ಬರು ಗೋವಿಂದ ದೀಕ್ಷಿತರು. ತಂಜಾವೂರಿನ ನಾಯಕ ಅರಸರಲ್ಲಿ ಮೂರು ತಲೆಮಾರುಗಳಿಗೆ ಮಂತ್ರಿಯಾಗಿದ್ದ ಈ ಕನ್ನಡ ಬ್ರಾಹ್ಮಣರ ಹೆಸರು ಕುಂಭಕೋಣದ ಆಸುಪಾಸಿನಲ್ಲಿ ಇಂದಿಗೂ ಅಳಿಸಿಲ್ಲ. 'ಸಂಗೀತಸುಧಾ' ರಘುನಾಥನಾಯಕನ ಹೆಸರಿನಲ್ಲಿದ್ದರೂ ಅದನ್ನು ಬರೆದವರು ದೀಕ್ಷಿತರೇ ಎಂದು ಅವರ ಮಗನೇ ಹೇಳಿದ್ದಾನೆ. ಇಪ್ಪತ್ತನಾಲ್ಕು ಸ್ಥಿರ ಮೆಟ್ಟುಗಳ ತಂಜಾವೂರು ವೀಣೆ ರೂಪುಗೊಂಡದ್ದು ಈ ಆಸ್ಥಾನದಲ್ಲಿಯೇ ಎಂಬುದು ಪರಂಪರೆಯ ನಂಬಿಕೆ. ಆ ಮಗನೇ ವೆಂಕಟಮಖಿ. ವಿಜಯರಾಘವನಾಯಕನ (೧೬೩೪–೧೬೭೩) ಕಾಲದಲ್ಲಿ 'ಚತುರ್ದಂಡೀಪ್ರಕಾಶಿಕೆ'ಯನ್ನು ರಚಿಸಿದವನು.

ಎಪ್ಪತ್ತೆರಡರ ಗಣಿತ ಬಹಳ ಸರಳ. ಷಡ್ಜ ಪಂಚಮಗಳು ಅಚಲ. ಷಡ್ಜಕ್ಕೂ ಮಧ್ಯಮಕ್ಕೂ ನಡುವೆ ನಾಲ್ಕು ಮನೆಗಳಿವೆ. ಅವುಗಳಿಂದ ರಿಷಭ ಗಾಂಧಾರಗಳಿಗಾಗಿ ಎರಡನ್ನು ಆರಿಸುವ ಬಗೆ ಆರು. ಪಂಚಮದ ಮೇಲೆಯೂ ನಾಲ್ಕು ಮನೆ, ಧೈವತ ನಿಷಾದಗಳಿಗೆ ಅದೇ ಆರು ಬಗೆ. ಆರಾರಲಿ ಮೂವತ್ತಾರು, ಮಧ್ಯಮ ಎರಡು ವಿಧವಾದ್ದರಿಂದ ಇಮ್ಮಡಿಸಿ ಎಪ್ಪತ್ತೆರಡು. ತನ್ನ ಕಾಲದಲ್ಲಿ ಬಳಕೆಯಲ್ಲಿದ್ದವು ಹತ್ತೊಂಬತ್ತೇ ಎಂದು ವೆಂಕಟಮಖಿಯೇ ಒಪ್ಪುತ್ತಾನೆ. ಉಳಿದ ಐವತ್ತಮೂರು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದವು. ಮುಂದಿನ ವಾಗ್ಗೇಯಕಾರರು ಅವುಗಳಲ್ಲಿ ಜೀವ ತುಂಬಲು ಯತ್ನಿಸಿದರು. ಕೆಲವಲ್ಲಿ ತುಂಬಿತು, ಕೆಲವಲ್ಲಿ ತುಂಬಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ವೆಂಕಟಮಖಿಯ ಗ್ರಂಥಕ್ಕೆ ಮೇಳದ ಹೆಸರಿಲ್ಲ. ಚತುರ್ದಂಡಿಯೆಂದರೆ ಆಲಾಪ, ಠಾಯ, ಗೀತ, ಪ್ರಬಂಧ ಎಂಬ ನಾಲ್ಕು ಪ್ರಯೋಗರೂಪಗಳು. ಗ್ರಂಥ ಬೆಳಗಿಸಲು ಹೊರಟದ್ದು ಅವನ್ನು. ಹತ್ತು ಪ್ರಕರಣಗಳಲ್ಲಿ ಮೊದಲನೆಯದೇ ವೀಣಾಪ್ರಕರಣ, ಮೇಳವು ನಾಲ್ಕನೆಯದು, ರಾಗವು ಅದರ ಮುಂದಿನದು. ವಾದ್ಯದಿಂದ ಹೊರಟು ಲೆಕ್ಕವನ್ನು ದಾಟಿ ಪ್ರಯೋಗಕ್ಕೆ ಹೋಗುವ ದಾರಿ ಅದು. ಲೋಕವಾದರೋ ನಡುವಿನ ಲೆಕ್ಕವನ್ನು ಕಿತ್ತಿಟ್ಟುಕೊಂಡು ಎರಡು ತುದಿಗಳನ್ನೂ ಮರೆಯಿತು. ಇದರಲ್ಲಿ ವೆಂಕಟಮಖಿಯ ಪಾಲೂ ಇಲ್ಲದಿಲ್ಲ. ರಾಮಾಮಾತ್ಯನನ್ನು ಅವನು ಖಂಡಿಸುವ ಬಿರುಸನ್ನೂ ತನ್ನ ಎಪ್ಪತ್ತೆರಡರ ಬಗೆಗೆ ತೋರುವ ಹಿಗ್ಗನ್ನೂ ಓದಿದವರಿಗೆ ಲೆಕ್ಕದ ಮೇಲಿನ ಅವನ ಮಮತೆ ಗೊತ್ತಾಗದೆ ಇರದು. ಕನ್ನಡಿಗರು ಅವನನ್ನು ನಮ್ಮವನೆಂದು ಹೇಳಿಕೊಳ್ಳುವಾಗಲೂ ಸ್ವಲ್ಪ ಸಂಯಮ ಬೇಕು. ಗ್ರಂಥ ಸಂಸ್ಕೃತದ್ದು, ನೆಲ ತಮಿಳಿನದು, ಆಸ್ಥಾನದ ಕಾವ್ಯಭಾಷೆ ತೆಲುಗು. ಮನೆಯೊಳಗೆ ಮಾತ್ರ ಕನ್ನಡವಿದ್ದಿರಬಹುದು. ಹೊರನಾಡಿನಲ್ಲಿ ನೆಲಸಿದವರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬ್ಲೂಸಿನ ಕಡೆಗೆ ತಿರುಗೋಣ. ಅದರ ಮೊದಲ ಚಿತ್ರಗಳಲ್ಲೊಂದು ಮೆಟ್ಟುಗಳನ್ನೇ ಬದಿಗೊತ್ತಿದ ಚಿತ್ರವೆಂಬುದು ಗಮನಾರ್ಹ. ವಿಲಿಯಂ ಕ್ರಿಸ್ಟಫರ್ ಹ್ಯಾಂಡಿ ಎಂಬ ವಾದ್ಯವೃಂದದ ನಾಯಕನು ೧೯೦೩ರ ಸುಮಾರಿಗೆ ಮಿಸಿಸಿಪ್ಪಿಯ ಟಟ್‌ವೈಲರ್ ರೈಲುನಿಲ್ದಾಣದಲ್ಲಿ ಗಾಡಿ ಕಾಯುತ್ತಿದ್ದಾಗ, ಹರಕು ಬಟ್ಟೆಯ ಒಬ್ಬ ನೀಗ್ರೋ ಚಾಕುವನ್ನು ಗಿಟಾರಿನ ತಂತಿಗಳ ಮೇಲೆ ಒತ್ತಿ ಜಾರಿಸುತ್ತ ಹಾಡುವುದನ್ನು ಕೇಳಿದುದಾಗಿ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಮ್ಮ ಗೋಟುವಾದ್ಯದಲ್ಲಿ ಮರದ ತುಂಡು ಮಾಡುವ ಕೆಲಸವನ್ನೇ ಆ ಚಾಕು ಮಾಡುತ್ತಿತ್ತು. ಹ್ಯಾಂಡಿ ಮುಂದೆ ಆ ಗಾನವನ್ನು ಸ್ವರಲಿಪಿಗಿಳಿಸಿ ೧೯೧೨ರಲ್ಲಿ 'ಮೆಂಫಿಸ್ ಬ್ಲೂಸ್' ಎಂಬುದನ್ನು ಅಚ್ಚು ಹಾಕಿಸಿದನು. ಆದರೆ ಲಿಪಿಯಲ್ಲಿ ಗಾಂಧಾರಕ್ಕೆ ಎರಡೇ ಮನೆ: ಸಾಧಾರಣ, ಅಂತರ. ಬ್ಲೂಸ್ ಹಾಡುವವನ ಗಾಂಧಾರ ಎರಡರ ನಡುವೆ ಎಲ್ಲಿಯೋ ನಿಲ್ಲುವುದು, ಅಥವಾ ನಿಲ್ಲದೆ ಒಂದರಿಂದ ಇನ್ನೊಂದಕ್ಕೆ ಏರುತ್ತಲೇ ಇರುವುದು. ಅದನ್ನು ಅವರು 'ಬ್ಲೂ' ಸ್ವರವೆಂದರು. ಬಿ. ಬಿ. ಕಿಂಗ್ (೧೯೨೫–೨೦೧೫) ಎಂಬ ಹೆಸರಾಂತ ವಾದಕನಿಗೆ ಅವನ ಬಂಧು ಬಕ್ಕಾ ವೈಟ್‌ನಂತೆ ಲೋಹದ ಕೊಳವೆ ಜಾರಿಸುವ ಕೈಚಳಕ ಒಲಿಯಲಿಲ್ಲ. ಆ ನಾದವನ್ನು ಬರಿಯ ಬೆರಳಿನಿಂದ ತರುವ ಹಟದಲ್ಲಿ ಅವನು ತಂತಿಯನ್ನು ಎಳೆಯುವ, ನಡುಗಿಸುವ ತನ್ನದೇ ರೀತಿಯನ್ನು ಕಂಡುಕೊಂಡನು. ಮೆಟ್ಟಿನ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಮೇಲಿನ ಸ್ವರವನ್ನು ಮುಟ್ಟುವುದು ವೈಣಿಕರಿಗೆ ನಿತ್ಯದ ಸಂಗತಿ. ಎಳೆತದಿಂದ ಸ್ವರ ಏರುವುದೇ ಹೊರತು ಇಳಿಯದು. ಇಳಿಕೆಯ ಭಾವ ಬೇಕಾದರೆ ಮೊದಲೇ ಎಳೆದು ಮೀಟಿ ಆಮೇಲೆ ಬಿಡಬೇಕು. ಈ ಉಪಾಯವನ್ನು ಮೈಸೂರಿನ ವೈಣಿಕರೂ ಶಿಕಾಗೋ ನಗರದ ಗಿಟಾರು ವಾದಕರೂ ಒಬ್ಬರನ್ನೊಬ್ಬರು ಕಾಣದೆ ಕಲಿತರು. ತಂತಿ, ಮೆಟ್ಟು, ಬೆರಳುಗಳೇ ಅವರಿಬ್ಬರಿಗೂ ಗುರು.

ಹೀಗಿರಲು ಈ ಹಳೆಯ ಬ್ಲೂಸ್ ವಾದಕರು ಮೋಡುಗಳ ಹೆಸರಿನ ಗೊಡವೆಗೆ ಹೋದವರಲ್ಲ. ಹೆಸರುಗಳು ಬಂದದ್ದು ಜಾಝ್ ಸಂಗೀತದ ಪಂಡಿತರಿಂದ. ಜಾರ್ಜ್ ರಸೆಲ್ ೧೯೫೩ರಲ್ಲಿ ಲಿಡಿಯನ್ ಮೋಡನ್ನು ಆಧಾರವಾಗಿಟ್ಟುಕೊಂಡು ಒಂದು ಸಿದ್ಧಾಂತಗ್ರಂಥವನ್ನು ಹೊರತಂದನು. ೧೯೫೯ರಲ್ಲಿ ಮೈಲ್ಸ್ ಡೇವಿಸ್ 'ಕೈಂಡ್ ಆಫ್ ಬ್ಲೂ' ಎಂಬ ಧ್ವನಿಮುದ್ರಿಕೆಯಲ್ಲಿ ಕಾರ್ಡುಗಳ ಗದ್ದಲವನ್ನು ತಗ್ಗಿಸಿ ಮೋಡುಗಳಿಗೆ ಜಾಗ ಮಾಡಿಕೊಟ್ಟನು. ಕಾರ್ಡೆಂದರೆ ಮೂರು ನಾಲ್ಕು ಸ್ವರಗಳನ್ನು ಏಕಕಾಲದಲ್ಲಿ ಹೊಮ್ಮಿಸುವ ಗುಚ್ಛ. ನಮ್ಮ ಸಂಗೀತಕ್ಕೆ ಬೇಡವಾದದ್ದು, ಅವರದಕ್ಕೆ ಪ್ರಾಣವಾದದ್ದು. ಬ್ಲೂಸ್ ಕಲಿಯುವವನ ನಿಜವಾದ ತೊಡಕು ಇಲ್ಲಿಯೇ ಇರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಬ್ಲೂಸಿನ ಒಂದು ಆವರ್ತ ಹನ್ನೆರಡು ಘಟಕಗಳದ್ದು. ರೂಢಿಯ ಕ್ರಮದಲ್ಲಿ ಮೊದಲ ನಾಲ್ಕು ಘಟಕಗಳಿಗೆ ಷಡ್ಜದ ಕಾರ್ಡು, ಎರಡಕ್ಕೆ ಮಧ್ಯಮದ ಕಾರ್ಡು, ಮತ್ತೆರಡಕ್ಕೆ ಷಡ್ಜದ್ದು, ಆಮೇಲೆ ಪಂಚಮ, ಮಧ್ಯಮಗಳಿಗೆ ಒಂದೊಂದು, ಕೊನೆಗೆ ಷಡ್ಜಕ್ಕೆ ಮರಳುವುದು. ಮೂರು ಕಾರ್ಡುಗಳಲ್ಲಿಯೂ ಅದರದರ ಅಂತರ ಗಾಂಧಾರ, ಕೈಶಿಕಿ ನಿಷಾದಗಳಿರುವುದರಿಂದ ಪ್ರತಿಯೊಂದರ ಮೇಲೂ ಮಿಕ್ಸೊಲಿಡಿಯನ್, ಅಂದರೆ ಹರಿಕಾಂಭೋಜಿ, ನುಡಿಸಬೇಕೆಂದು ಪಾಠಪುಸ್ತಕಗಳು ವಿಧಿಸುತ್ತವೆ. ಶಿಷ್ಯನು ಕಾರ್ಡು ಬದಲಾದಂತೆಲ್ಲ ಗಿಟಾರಿನ ಕೊರಳಿನ ಮೇಲೆ ಕೆಳಗೆ ಓಡಿ ಮೂರು ಹರಿಕಾಂಭೋಜಿಗಳನ್ನು ಹುಡುಕುವನು. ಕೈಗೆ ಶ್ರಮ, ಕಿವಿಗೆ ಚೂರುಚೂರಾದ ಗಾನ. ಆಧಾರಷಡ್ಜವನ್ನು ಮನಸ್ಸಿನಲ್ಲಿ ಬಿಡದೆ ಹಿಡಿದವನಿಗೆ ಅದೇ ದೃಶ್ಯ ಬೇರೆಯಾಗಿ ಕಾಣುವುದು. ಮಧ್ಯಮವನ್ನು ಷಡ್ಜವಾಗಿಸಿಕೊಂಡ ಹರಿಕಾಂಭೋಜಿಯ ಸ್ವರಗಳನ್ನು ಮೂಲ ಷಡ್ಜದಿಂದ ಎಣಿಸಿದರೆ ಅವು ಖರಹರಪ್ರಿಯವೇ ಆಗುತ್ತವೆ. ಪಂಚಮದ ಮೇಲಿನ ಹರಿಕಾಂಭೋಜಿಯು ಮೂಲ ಷಡ್ಜಕ್ಕೆ ಶಂಕರಾಭರಣ. ಆದ್ದರಿಂದ ಶಾಸ್ತ್ರದಲ್ಲಿ ಮೂರು ಮೇಳಗಳೆಂದು ಹೇಳುವುದು ಕಾರ್ಯತಃ ಎರಡೇ ಸ್ವರಗಳ ಚಲನೆ: ಮಧ್ಯಮದ ಕಾರ್ಡು ಬಂದಾಗ ಅಂತರ ಗಾಂಧಾರ ಸಾಧಾರಣಕ್ಕೆ ಇಳಿಯಬೇಕು, ಪಂಚಮದ ಕಾರ್ಡು ಬಂದಾಗ ಕೈಶಿಕಿ ನಿಷಾದ ಕಾಕಲಿಗೆ ಏರಬಹುದು. ಡೇವಿಸನ 'ಆಲ್ ಬ್ಲೂಸ್' ಎಂಬ ರಚನೆಯ ಐದನೆಯ ಘಟಕದಲ್ಲಿ ನಡೆಯುವುದು ಇದೇ; ಆಧಾರಸ್ವರ ಅಲುಗುವುದಿಲ್ಲ, ಗಾಂಧಾರವೊಂದು ಮೆಲ್ಲಗೆ ಇಳಿಯುತ್ತದೆ, ಇಡೀ ಗಾನದ ಬಣ್ಣ ಬದಲಾಗುತ್ತದೆ. ಮೊದಲಿನ ಬ್ಲೂಸ್ ಗಾಯಕರು ಒಂದೇ ಗಾಂಧಾರವನ್ನು ಏರಿಸಿ ಇಳಿಸಿ ಹಾಡಿದಾಗ ಅವರ ಕಿವಿ ಹೇಳುತ್ತಿದ್ದುದೂ ಇದನ್ನೇ. ಶಾಸ್ತ್ರ ಮೂರು ಹೆಸರಿಟ್ಟು ವಿವರಿಸಿದ್ದನ್ನು ಅವರು ಒಂದು ಬೆರಳಿನ ಎಳೆತದಲ್ಲಿ ಮುಗಿಸಿಬಿಟ್ಟಿದ್ದರು.

ಬ್ಲೂಸ್ ಗಿಟಾರಿಗೆ ಮೋಡುಗಳನ್ನು ಬೇಕೆಂದೇ ತಂದ ಮೊದಲ ಪ್ರಸಿದ್ಧ ಪ್ರಯೋಗ ೧೯೬೬ರದು. ಶಿಕಾಗೋ ನಗರದ ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡಿನ ಗಿಟಾರು ವಾದಕ ಮೈಕ್ ಬ್ಲೂಮ್‌ಫೀಲ್ಡ್ (೧೯೪೩–೧೯೮೧) 'ಈಸ್ಟ್–ವೆಸ್ಟ್' ಎಂಬ, ಹದಿಮೂರು ನಿಮಿಷಗಳಷ್ಟು ದೀರ್ಘವಾದ ವಾದನವನ್ನು ಮುದ್ರಿಸಿದನು. ಅದಕ್ಕೆ ಮೊದಲಿದ್ದ ಹೆಸರು 'ರಾಗ' ಎಂದೇ. ಹನ್ನೆರಡು ಘಟಕಗಳ ಆವರ್ತವನ್ನು ಅಲ್ಲಿ ಕೈಬಿಟ್ಟು ಒಂದೇ ಆಧಾರಸ್ವರವನ್ನು ಮೊಳಗಿಸಿ, ಅದರ ಮೇಲೆ ಒಂದಾದಮೇಲೊಂದು ಶ್ರೇಣಿಯಲ್ಲಿ ಗಿಟಾರು ಸಂಚರಿಸುತ್ತದೆ. ನಮ್ಮ ಕಿವಿಗೆ ಅದು ರಾಗವೆನಿಸದು. ಶ್ರೇಣಿಗಳಿವೆ, ಜೀವಸ್ವರ, ನ್ಯಾಸಗಳ ಶಿಸ್ತಿಲ್ಲ. ಆದರೆ ಮೂರ್ಛನೆಯಿಂದ ಮೇಳಕ್ಕೆ ಬರಲು ನಮ್ಮಲ್ಲಿ ಕಾರಣವಾದ ಆಧಾರಷಡ್ಜವನ್ನೇ ಅವನೂ ಹುಡುಕಿಕೊಂಡನೆಂಬುದನ್ನು ಅಲ್ಲಗಳೆಯಲಾಗದು. ಅವನ ಬಳಿಕ ಮೋಡುಗಳನ್ನರಿಯುವುದು ಬ್ಲೂಸ್, ರಾಕ್ ಗಿಟಾರು ಶಿಕ್ಷಣದ ಒಂದು ಅಂಗವಾಗಿಹೋಯಿತು.

ಮದರಾಸಿನಲ್ಲಿ ಇದೇ ಕಾಲಕ್ಕೆ ಗಿಟಾರು ಇನ್ನೊಂದು ಬಾಗಿಲಿನಿಂದ ಒಳಬಂದಿತ್ತು. ಕನ್ನಡ ಚಲನಚಿತ್ರಗಳ ಸಂಗೀತ ಬಹುಪಾಲು ಅಲ್ಲಿಯೇ ಮುದ್ರಿತವಾಗುತ್ತಿದ್ದ ದಿನಗಳವು. ೧೯೬೮ರ 'ಜೇಡರ ಬಲೆ'ಯಂತಹ ಪತ್ತೇದಾರಿ ಚಿತ್ರಕ್ಕೆ ಪಾಶ್ಚಾತ್ಯ ಧಾಟಿಯನ್ನೂ ೧೯೭೨ರ 'ಬಂಗಾರದ ಮನುಷ್ಯ'ಕ್ಕೆ ಹಳ್ಳಿಯ ಮಣ್ಣಿನ ಧಾಟಿಯನ್ನೂ ಕೊಟ್ಟ ಜಿ. ಕೆ. ವೆಂಕಟೇಶರ ವಾದ್ಯಗೋಷ್ಠಿಯಲ್ಲಿ ಗಿಟಾರು ನುಡಿಸುತ್ತ, ಸಹಾಯಕನಾಗಿ ದುಡಿಯುತ್ತ ಇದ್ದ ತರುಣನೊಬ್ಬನು ೧೯೭೬ರಲ್ಲಿ ತಮಿಳಿನ 'ಅನ್ನಕ್ಕಿಳಿ'ಯಿಂದ ಇಳಯರಾಜ ಎಂದು ಲೋಕಪ್ರಸಿದ್ಧನಾದನು. ಮುಂದೆ ಟಿ. ನಗರದಲ್ಲಿಯೇ ಮನೆ ಮಾಡಿದ ಅವರು ೧೯೮೬ರಲ್ಲಿ ತ್ಯಾಗರಾಜರಿಗೂ ಜರ್ಮನಿಯ ಬಾಖ್‌ಗೂ ಅರ್ಪಿಸಿದ ಧ್ವನಿಮುದ್ರಿಕೆ ಮೇಳವನ್ನೂ ಕಾರ್ಡನ್ನೂ ಒಂದೇ ಕಣ್ಣಿನಿಂದ ನೋಡಲು ಸಾಧ್ಯವೆಂಬುದಕ್ಕೆ ಸಾಕ್ಷಿ. ಇವರಿಗೆ ಕರ್ಣಾಟಕ ಸಂಗೀತವನ್ನು ಹೇಳಿಕೊಟ್ಟ ಟಿ. ವಿ. ಗೋಪಾಲಕೃಷ್ಣನ್ ಅವರೇ ಬಂಟ್ವಾಳ ಸೀಮೆಯ ಸಜಿಪಮೂಡದ ಕದ್ರಿ ಗೋಪಾಲನಾಥರಿಗೂ ಗುರುಗಳಾದರು. ನಾಗಸ್ವರದ ಮನೆತನದ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮರುಳಾದವರು. ೧೯೮೦ರಲ್ಲಿ ಮುಂಬಯಿಯ ಜಾಝ್ ಯಾತ್ರೆಯಲ್ಲಿ ಅಮೆರಿಕದ ಜಾನ್ ಹ್ಯಾಂಡಿಯೊಡನೆ ನುಡಿಸಿದರು. ಕೀಲಿಗಳು ಕಟ್ಟಿಟ್ಟ ಸ್ವರಸ್ಥಾನಗಳನ್ನು ಉಸಿರಿನಿಂದಲೂ ತುಟಿಯಿಂದಲೂ ಬಿಡಿಸುವ ಅವರ ಸಾಹಸ ೨೦೧೯ರಲ್ಲಿ ಅವರೊಡನೆ ನಿಂತಿತು.

ತಂತಿವಾದ್ಯದಲ್ಲಿ ಆ ಸಾಹಸ ಮಾಡಿದವರು ಮೂರು ಹಾದಿ ಹಿಡಿದರು. ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ಎಸ್. ರಾಮನಾಥನ್ ಅವರಲ್ಲಿ ವೀಣೆಯನ್ನಭ್ಯಾಸ ಮಾಡಿ, ೧೯೭೦ರ ದಶಕದ ನಡುವೆ ಎಲ್. ಶಂಕರ್, ವಿಕ್ಕು ವಿನಾಯಕರಾಂ, ಜಾಕೀರ್ ಹುಸೇನರೊಡನೆ 'ಶಕ್ತಿ' ಎಂಬ ಗೋಷ್ಠಿಯನ್ನು ಕಟ್ಟಿದಾಗ ಗಿಟಾರನ್ನೇ ತಿದ್ದಿಸಿದನು: ಮೆಟ್ಟುಗಳ ನಡುವಿನ ಮರವನ್ನು ತೋಡಿ ತಗ್ಗು ಮಾಡಿಸಿದನು. ವೀಣೆಯಲ್ಲಿ ಮೇಣದ ಏರಿಯ ಮೇಲೆ ಮೆಟ್ಟುಗಳು ಎತ್ತರವಾಗಿ ನಿಂತಿರುವುದರಿಂದ ತಂತಿಯೆಳೆತಕ್ಕೆ ಎಷ್ಟು ಎಡೆಯಿದೆಯೋ ಅಷ್ಟನ್ನು ಗಿಟಾರಿನಲ್ಲಿ ಪಡೆಯುವ ಯತ್ನ ಅದು. ೧೯೮೧ರಲ್ಲಿ ಬಾಲಕನಾಗಿ ಚೆನ್ನೈಯ ವೇದಿಕೆಯನ್ನೇರಿದ ಯು. ಶ್ರೀನಿವಾಸ್ (೧೯೬೯–೨೦೧೪) ಗಿಡ್ಡ ಕೊರಳಿನ ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಜಾರಿನ ವೇಗದಿಂದಲೇ ಗಮಕವನ್ನು ತಂದರು. ಗಿಟಾರಿನಲ್ಲಿ ೧೯೮೦ರ ದಶಕದಲ್ಲಿ ಸುಕುಮಾರ್ ಪ್ರಸಾದ್, ಅವರ ಬಳಿಕ ಆರ್. ಪ್ರಸನ್ನ, ವಾದ್ಯವನ್ನು ಹೆಚ್ಚು ತಿದ್ದದೆ ಕೈಯನ್ನೇ ತಿದ್ದಿಕೊಂಡರು. ಐಐಟಿಯಲ್ಲಿ ನೌಕಾಶಿಲ್ಪವನ್ನೂ ಬಾಸ್ಟನ್ನಿನ ಬರ್ಕ್ಲಿಯಲ್ಲಿ ಪಾಶ್ಚಾತ್ಯ ಸಂಗೀತವನ್ನೂ ಓದಿದ ಪ್ರಸನ್ನರಿಗೆ ಮೋಡುಗಳೂ ಗೊತ್ತು, ಮೇಳಗಳೂ ಗೊತ್ತು. ಬ್ಲೂಸಿನಿಂದ ಹೊರಟ ಜಿಮಿ ಹೆಂಡ್ರಿಕ್ಸನ ನೆನಪಿಗೆ ಅವರು 'ಎಲೆಕ್ಟ್ರಿಕ್ ಗಣೇಶ ಲ್ಯಾಂಡ್' ಎಂಬ ಧ್ವನಿಮುದ್ರಿಕೆಯನ್ನು ಸಲ್ಲಿಸಿದರು. ಮೂರು ಹಾದಿಗಳಲ್ಲಿ ಈ ಕೊನೆಯದೇ ಕಠಿನ. ಮಿಕ್ಕವರಿಗೆ ಅನುಕರಿಸಲು ಯೋಗ್ಯವಾದುದೂ ಅದೇ. ಏಕೆಂದರೆ ಬ್ಲೂಸ್ ಕಲಿಯುವ ತರುಣನ ಬಳಿ ಇರುವುದು ಅಂಗಡಿಯಲ್ಲಿ ಕೊಂಡ ಮಾಮೂಲು ಗಿಟಾರು.

ಅವನ ಅಭ್ಯಾಸಕ್ಕೆ ಒದಗುವ ಸಾಧನವೊಂದು ಬೆಂಗಳೂರಿನದು. ಜಿ. ರಾಜ್ ನಾರಾಯಣ್ ಎಂಬ ಎಂಜಿನಿಯರು ೧೯೭೦ರ ದಶಕದ ಕೊನೆಯಲ್ಲಿ ಅಲ್ಲಿ ಸಿದ್ಧಗೊಳಿಸಿದ ವಿದ್ಯುನ್ಮಾನ ತಂಬೂರಿ ಈಗ ಸಂಗೀತ ಕಲಿಯುವ ಮನೆಗಳಲ್ಲೆಲ್ಲ ಪರಿಚಿತ. ಗಿಟಾರಿನ ದಪ್ಪ ತಂತಿಗೆ ಅದನ್ನು ಹೊಂದಿಸಿ ಮೊಳಗಲು ಬಿಟ್ಟು, ಮೊದಲು ಹರಿಕಾಂಭೋಜಿಯ ಸ್ವರಗಳನ್ನು ನಿಧಾನವಾಗಿ ನುಡಿಸಿ, ಬಳಿಕ ಗಾಂಧಾರವೊಂದನ್ನೇ ಸಾಧಾರಣದ ಮೆಟ್ಟಿಗೆ ಇಳಿಸಿ ಖರಹರಪ್ರಿಯಕ್ಕೆ ಬರಬೇಕು. ಆಮೇಲೆ ಬೆರಳನ್ನು ಆ ಮೆಟ್ಟಿನಿಂದ ಕದಲಿಸದೆ, ತಂತಿಯನ್ನು ಎಳೆದು, ತಂಬೂರಿಯ ನಾದದೊಳಗೆ ತಾನಾಗಿ ಕೇಳಿಬರುವ ಅಂತರ ಗಾಂಧಾರದ ಕಡೆಗೆ ಏರಿಸುತ್ತ ಹೋಗಬೇಕು. ಸಾಧಾರಣವನ್ನು ಬಿಟ್ಟು ಅಂತರವನ್ನು ಇನ್ನೂ ಮುಟ್ಟದ ಎಡೆಯಲ್ಲಿ ಬೆರಳು ಒಂದು ಕ್ಷಣ ತಡೆಯುತ್ತದೆ. ಟಟ್‌ವೈಲರಿನ ನಿಲ್ದಾಣದಲ್ಲಿ ಚಾಕು ಜಾರುತ್ತಿದ್ದುದು ಆ ಎಡೆಯಲ್ಲಿಯೇ.